ಮೂಲೆಯಾಚೆಯ ಟೀಚರ್

ಆ ದಿನ ಬೆಳಿಗ್ಗೆಯೂ ಎಂದಿನಂತೆ ಎದ್ದು, ಬಾಗಿಲಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದು ನಲ್ಲಿಯ ಕೆಳಗೆ ಹಿಡಿದು ತೊಳೆದೆ. ತೊಳೆಯದೆ ಕತ್ತರಿ ಹಾಕಿದರೆ ನನಗೆ ದಿನವಿಡೀ ಸಮಾಧಾನವಿರುವುದಿಲ್ಲ. ಹಾಲು ಒಲೆಯ ಮೇಲಿಟ್ಟೆ, ದೇವರಿಗೆ ದೀಪ ಹಚ್ಚಿದೆ, ತೆಂಗಿನಕಾಯಿ ತುರಿದೆ. ನನ್ನ ಗಂಡನಿಗೆ ಮಾರ್ಕೆಟ್ ಯಾರ್ಡಿನ ಬಳಿ ಸಣ್ಣದೊಂದು ಹೋಟೆಲ್ ಇದೆ. ಅಲ್ಲಿ ಪಾತ್ರೆಗಟ್ಟಲೆ ಚಟ್ನಿ ಅರೆದರೂ ಮನೆಯ ಚಟ್ನಿಯಿಲ್ಲದೆ ಅವರ ಗಂಟಲಲ್ಲಿ ದೋಸೆ ಇಳಿಯುವುದಿಲ್ಲ. ಮಿಕ್ಸರ್ ಹಾಕುವ ಮೊದಲು ಡ್ರೈ ಬಾಲ್ಕನಿಯ ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು, ಬಟ್ಟೆ ಒಣಗಿಸಲು ಇರುವ ಇಕ್ಕಟ್ಟಿನ ಜಾಗಕ್ಕೆ ಪುಣೆಯಲ್ಲಿ ಹಾಗೆನ್ನುತ್ತಾರೆ, ಯಾವಾಗಲೂ ಒದ್ದೆಯಾಗಿದ್ದರೂ. ಆ ಬಾಗಿಲು ಮುಚ್ಚಿದ್ದು ಬೇರೆಯವರಿಗೆ ನಮ್ಮ ಸದ್ದಿನಿಂದ ತೊಂದರೆಯಾಗಬಾರದೆಂದು. ಆ ಬೇರೆಯವರ ಮನೆ ಚಳಿಗಾಲದ ಕೊನೆಯಿಂದ ಖಾಲಿ ಬಿದ್ದಿದೆ. ಆದರೂ ಕೈ ತಾನಾಗಿ ಚಿಲಕಕ್ಕೆ ಹೋಗುತ್ತದೆ.

ಮಿಕ್ಸರ್ ನಿಲ್ಲಿಸಿದಾಗಲೇ ಗೊತ್ತಾದದ್ದು ಫೋನ್ ಹೊಡೆದುಕೊಳ್ಳುತ್ತಿದೆ ಎಂದು.

"ಆಂಟಿ, ನಿಗಡಿಯಿಂದ ಮಾತಾಡ್ಲಿಕತ್ತೀನ್ರಿ," ಎಂದಳು ಆ ಖಾಲಿ ಮನೆಯಲ್ಲಿದ್ದ ಟೀಚರರ ಅಣ್ಣನ ಮಗಳು. "ಅತ್ತಿ ಹೋದ್ರು. ಮೊನ್ನೆ. ನಿನ್ನೆ ಎಲ್ಲಾ ಮುಗೀತು. ನಾ ಹೋದ್ರ ಯಾರ್ನೂ ಓಡಿಸಿ ಕರೀಬ್ಯಾಡ ಅಂದಿದ್ರು, ಅದಕ್ಕ ಹೇಳ್ಲಿಲ್ರಿ. ತಪ್ಪ ತಿಳ್ಕೋಬ್ಯಾಡ್ರಿ."

ಇಲ್ಲ ಇಲ್ಲ ಎಂದೆ. ನನ್ನ ಬೆರಳಿಗೆ ಕಾಯಿತುರಿ ಅಂಟಿತ್ತು.

"ಮತ್ತ, ನಿಮ್ಮದೊಂದು ಗಂಟಿ ನಮ್ಮನ್ಯಾಗ ಅದ್ರಿ, ಹಿತ್ತಾಳಿದು. ಅದನ್ನ ನಿಮಗ ಮುಟ್ಟಿಸು ಅಂತ ಹೇಳಿದ್ರು. ಆ ಕಡೆ ಬಂದಾಗ ತರ್ತೀನಿ."

ದೋಸೆಯ ಮುಂದೆ ಕೂತಿದ್ದ ಗಂಡನಿಗೆ ಹೇಳಿದೆ. "ಪಾಪ, ಒಳ್ಳೆ ಹೆಂಗಸು," ಎಂದರು. ಇನ್ನೊಂದು ತುಂಡು ದೋಸೆ ಮುರಿಯುತ್ತ, "ನೀನು ನಿಗಡಿಗೆ ಹೋಗ್ತೇನೆ ಹೋಗ್ತೇನೆ ಅಂತ ಹೇಳ್ತಾ ಇದ್ದೆ ಅಲ್ವ?" ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ. ಅವರಿಗೆ ಚುಚ್ಚಲು ಬರುವುದೂ ಇಲ್ಲ. ಮಾವಿನ ಸೀಸನ್, ಯಾರ್ಡಿನಲ್ಲಿ ಲಾರಿ ಹೆಚ್ಚು, ಹೋಟೆಲಿನಲ್ಲಿ ಜನ ಹೆಚ್ಚು ಎನ್ನುತ್ತಾ ಚಪ್ಪಲಿ ಮೆಟ್ಟಿ ಹೋದರು. ನಾನು ಅವರ ತಟ್ಟೆಯನ್ನು ಎತ್ತದೆ ಅದರ ಎದುರು ಕೂತೆ.

ನಾನು ಕೊಟ್ಟ ಗಂಟೆ ವಾಪಸು ಕಳಿಸಿದ್ದಾರೆ. ಹೋಗುವಾಗಲೂ ಅದನ್ನು ಇಟ್ಟುಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ನನಗೆ ಆಗ ತೋರಿದ್ದು ಅಷ್ಟೇ.

ಅವರು ನನಗೆ ಪಾಠ ಹೇಳಿದವರಲ್ಲ. ನಮ್ಮ ಕರಾವಳಿಯಲ್ಲಿ ಶಾಲೆ ಕಾಲೇಜಿನಲ್ಲಿ ಕಲಿಸುವ ಹೆಂಗಸರೆಲ್ಲ ಟೀಚರೇ. ಹಾಗಾಗಿ ಟೀಚರ್ ಎಂದೆ, ಅವರು ಬೇಡವೆನ್ನಲಿಲ್ಲ. ಅವರು ನನ್ನನ್ನು "ಕಾನ್ವೆಂಟ್ ಬಾಯಾರು" ಎನ್ನುತ್ತಿದ್ದರು. ನಾನು ಸನ್ಯಾಸಿನಿಯರ ಶಾಲೆಯಲ್ಲಿ ಓದಿದವಳೆಂದು, ಚಮಚವನ್ನು ಸದ್ದಾಗದಂತೆ ಸಾಸರಿನಲ್ಲಿ ಇಡುತ್ತೇನೆಂದು, ಸೀನಿದರೂ ಕ್ಷಮೆ ಕೇಳುತ್ತೇನೆಂದು.

ಬಿಬವೇವಾಡಿಯ ನಮ್ಮ ಸೊಸೈಟಿಯಲ್ಲಿ ನಾಲ್ಕಾರು ವಿಂಗುಗಳು, ಅಂದರೆ ಫ್ಲ್ಯಾಟುಗಳ ಕಟ್ಟಡಗಳು; ಅದರಲ್ಲಿ ನಮ್ಮದೂ ಟೀಚರರದೂ ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ಗೋಡೆ ಮುಗಿದಲ್ಲಿ ಮೂಲೆ ತಿರುಗಿ ಇನ್ನೊಂದರ ಗೋಡೆ ಶುರುವಾಗುತ್ತದೆ. ಆ ಗೋಡೆಯ ಮೇಲೆ ಅವರ ಬಾಲ್ಕನಿ, ಈ ಗೋಡೆಯ ಮೇಲೆ ನಮ್ಮ ಡ್ರೈ ಬಾಲ್ಕನಿ, ನಡುವೆ ಕಟ್ಟಡದ ಚೂಪು ಮೂಲೆ. ಒಬ್ಬರ ಮುಖ ಒಬ್ಬರಿಗೆ ಕಾಣದು, ಆದರೆ ಇಬ್ಬರೂ ಕಂಬಿಯ ತುದಿಗೆ ಬಂದು ಕೈ ಚಾಚಿದರೆ ಮೂಲೆಯಲ್ಲಿ ಬೆರಳು ಸಿಗುತ್ತದೆ. ಅವರ ಮನೆಗೆ ಹೋಗಬೇಕೆಂದರೆ ಮಾತ್ರ ನಮ್ಮ ಮೆಟ್ಟಿಲಿಳಿದು, ಪಾರ್ಕಿಂಗ್ ಸುತ್ತಿ, ಅವರ ಮೆಟ್ಟಿಲು ಹತ್ತಬೇಕು. ಅವರ ಮೊಣಕಾಲಿಗೆ ಅದು ಆಗದ ಕೆಲಸವಾಗಿತ್ತು.

ನನಗೆ ಮೊದಲು ಪರಿಚಯವಾದದ್ದು ಅವರ ಕೈ. ನಾವು ಆ ಮನೆಗೆ ಹೊಸದಾಗಿ ಬಂದಿದ್ದೆವು. ಒಗ್ಗರಣೆಗೆಂದು ಕುಂಡದಿಂದ ಕರಿಬೇವು ಕೀಳುತ್ತಿದ್ದೆ. ಮೂಲೆಯಾಚೆಯಿಂದ ಎಳೆಯ ಹುಡುಗಿಯಂಥ ತೆಳು ದನಿ ಬಂತು.

"ಯಾರದ್ರಿ ಅದು ಕರಿಬೇವು? ವಾಸನಿ ಮೂಲಿ ತಿರುಗಿ ಬಂತು. ಒಂದ ಎಸಳು ತಿರುಗಿ ಬರತದೇನು?"

ಮಾತಿನ ಹಿಂದೆಯೇ ಒಂದು ಕೈ ಬಂತು. ಬಳೆಯಿಲ್ಲ. ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ. ತೋರುಬೆರಳಿನ ತುದಿ ಚಪ್ಪಟೆ, ವರ್ಷಾನುಗಟ್ಟಲೆ ಸೀಮೆಸುಣ್ಣ ಒತ್ತಿ ಆದದ್ದು. ಎಸಳು ಇಟ್ಟೆ. ಕೈ ಹೋಯಿತು, ಮರುಕ್ಷಣ ಶೇಂಗಾ ಚಟ್ನಿಯ ಸಣ್ಣ ಡಬ್ಬಿ ಹಿಡಿದು ಮತ್ತೆ ಬಂತು. ಮುಖ ನೋಡಿದ್ದು ಎಷ್ಟೋ ದಿನಗಳ ಮೇಲೆ. ಈಗಲೂ ಕಣ್ಣು ಮುಚ್ಚಿದರೆ ಮುಖ ಮಸುಕು, ಕೈ ಸ್ಪಷ್ಟ.

ಧಾರವಾಡದ ಕಡೆಯವರು. ಹುಡುಗಿಯಾಗಿದ್ದಾಗಲೇ ಪುಣೆಗೆ ಓದಲು ಬಂದು, ಇಲ್ಲೇ ಗಣಿತ ಕಲಿಸಿ, ಇಲ್ಲೇ ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೇ ಒಮ್ಮೆ ಹೇಳಿದರು, "ನೋಡ್ಲಿಕ್ಕೆ ಬಂದವ್ರು ಅಡಗಿ ಬರತದೇನು ಅಂತ ಕೇಳಿದ್ರು. ನಾನು ಅವರ ಹುಡುಗಗ ಭಾಗಾಕಾರ ಬರತದೇನು ಅಂತ ಕೇಳಿದೆ. ಉಪ್ಪಿಟ್ಟು ಅಲ್ಲೇ ಬಿಟ್ಟು ಎದ್ದು ಹೋದ್ರು. ಛಲೋ ಉಪ್ಪಿಟ್ಟಿತ್ತು, ನಾನೇ ತಿಂದೆ."

"ನಿಮ್ಮದು ಎಂಥ ಗಣಿತ ಟೀಚರ್?" ಎಂದು ಕೇಳಿದ ದಿನ ನೆನಪಿದೆ. ನಮಗೆ ಬೀಜಗಣಿತ, ರೇಖಾಗಣಿತ ಅಷ್ಟೇ ಗೊತ್ತು.

"ಮೂಲಿ ಗಣಿತ," ಎಂದರು. "ಅಲೆ ಬರತದ. ನೀರಿಂದೋ, ಬೆಳಕಿಂದೋ, ಸಪ್ಪಳದ್ದೋ, ಯಾವುದರೆ ಇರಲಿ. ಎದುರಿಗೆ ಗೋಡಿ. ಗೋಡಿಗೆ ಬಡದದ್ದು ಹಿಂದಕ್ಕ ಬರತದ, ಬಡೀದೇ ಇದ್ದದ್ದು ಮುಂದಕ್ಕ ಹೋಗತದ. ಅವೆರಡೂ ಸಣ್ಣ ಹುಡುಗೂರ ಲೆಕ್ಕ. ಗೋಡಿ ತುದಿಗೆ ಬಡದದ್ದು ಏನಾಗತದ? ಅದು ನನ್ನ ಲೆಕ್ಕ."

ನನಗೆ ತಿಳಿಯಲಿಲ್ಲವೆಂದು ಅವರಿಗೆ ಗೊತ್ತಾಗಿರಬೇಕು. ಮರುದಿನ ಮನೆಗೆ ಕರೆದರು. ನೆಲದ ಮೇಲೆ ಅಗಲ ಪರಾತದಲ್ಲಿ ನೀರು. ಒಂದು ಸ್ಟೀಲಿನ ಮುಚ್ಚಳವನ್ನು ನೀರಿನಲ್ಲಿ ಲಂಬವಾಗಿ ನಿಲ್ಲಿಸಿ ಹಿಡಿಯಲು ನನಗೆ ಕೊಟ್ಟು, ಈಚೆ ಬದಿಯಲ್ಲಿ ಬೆರಳಿಂದ ನೀರನ್ನು ಮೆಲ್ಲಗೆ ಬಡಿದರು. ಬಳೆಯಂಥ ಅಲೆಗಳು ಮುಚ್ಚಳದ ಅಂಚಿಗೆ ಬಂದು, ಅಂಚನ್ನು ಸುತ್ತಿಕೊಂಡು, ಹಿಂಬದಿಯ ಸುಮ್ಮನಿದ್ದ ನೀರಿಗೆ ನುಸುಳಿದವು.

"ಮುಚ್ಚಳದ ಹಿಂದ ಯಾರರೆ ಬಡದಾರೇನ್ರಿ?"

"ಇಲ್ಲ."

"ಆದ್ರೂ ನೀರು ಅಲುಗ್ಯಾಡ್ಲಿಕತ್ತದ. ತುದಿನ ಇನ್ನೊಂದು ಬೆರಳಾಗಿ ಬಡದಂಗ. ನೆರಳು ಅಂತೀವಲ್ಲ, ಅದರಾಗ ಪೂರಾ ಕತ್ತಲಿ ಇರಂಗಿಲ್ಲ. ಭಾಳ ಸಣ್ಣದಾಗತದ. ಆದ್ರ ಸೊನ್ನೆ ಆಗಂಗಿಲ್ಲ. ಎಷ್ಟು ಸಣ್ಣದು ಅಂತ ಹೇಳೂದ್ರಾಗ ನನ್ನ ತಲಿ ಬೆಳ್ಳಗಾತು."

"ಇದರಿಂದ ಎಂತ ಉಪಯೋಗ ಟೀಚರ್?"

ಅವರು ನಕ್ಕರು. ನಗುವಾಗ ಸೆರಗಿಗೆ ಕೈ ಒರೆಸಿಕೊಳ್ಳುವುದು ಅವರ ಅಭ್ಯಾಸ, ಬೆರಳಲ್ಲಿ ಸುಣ್ಣವಿಲ್ಲದಿದ್ದರೂ. "ಕಾನ್ವೆಂಟ್ ಬಾಯಾರು ರೇಟು ಕೇಳ್ತಾರ ನೋಡು! ಹೈವೇ ಬಾಜೂಕ ಸಪ್ಪಳಾ ತಡೀಲಿಕ್ಕೆ ಗೋಡಿ ಕಟ್ಟತಾರಲ್ಲ, ಎಷ್ಟು ಎತ್ತರ ಕಟ್ಟಬೇಕು ಅನ್ನೂದಕ್ಕ ಬೇಕಾಗತದ. ಮೊಬೈಲಿನವ್ರಿಗೂ ಬೇಕಾಗತದ. ನನಗ ಮಾತ್ರ ಅದ್ಯಾವುದೂ ಬೇಕಾಗಿರಲಿಲ್ಲ. ತುದಿಗೆ ಏನಾಗತದ ಅಂತ ತಿಳೀಬೇಕಿತ್ತು, ಅಷ್ಟ." ಗೋಡೆಗೆ ಒಂದೇ ತುದಿಯಿದ್ದರೆ ಹೇಗೆ, ಮೂಲೆಯಾದರೆ ಹೇಗೆ, ಮೂಲೆಯ ಒಂದು ಮುಖ ಕಲ್ಲು ಇನ್ನೊಂದು ಮುಖ ಹತ್ತಿಯ ಗಾದಿ ಎಂದುಕೊಂಡರೆ ಹೇಗೆ. ಆ ಕೊನೆಯದರ ಬಗ್ಗೆ ಅವರು ಬರೆದದ್ದು ಎಲ್ಲೋ ಅಚ್ಚಾಗಿತ್ತಂತೆ. "ಮೂರು ಮಂದಿ ಓದ್ಯಾರ. ಅದರಾಗ ಒಬ್ಬಾಕಿ ನಾನು."

ಅವರ ಮನೆಯಲ್ಲಿ ದೇವರ ಮೂಲೆ ಎಂಬುದಿರಲಿಲ್ಲ. ಕ್ಯಾಲೆಂಡರಿನ ಗಣಪತಿಯೊಬ್ಬನಿದ್ದ, ತಿಂಗಳು ತಿರುವಿದಾಗ ಅವನೂ ಬದಲಾಗುತ್ತಿದ್ದ. ಬಾಗಿಲಿಗೆ ರಂಗೋಲಿ ಮಾತ್ರ ತಪ್ಪದು. ಅದೂ ಎಂಥದು? ಒಂದು ನೇರ ಗೆರೆ, ಅದರ ಒಂದು ತುದಿಯ ಸುತ್ತ ಬಾಗಿ ಹರಿಯುವ ಗೆರೆಗಳು. ಅವರ ಬಾಲ್ಕನಿಗೆ ನೇರ ಎದುರಿನ ವಿಂಗಿನಲ್ಲಿರುವ ಸೋಲಾಪುರದ ಕಾಕೂ ಅರಿಶಿನ ಕುಂಕುಮಕ್ಕೆ ಬಂದಾಗ, "ಟೀಚರ್, ಅರ್ಧಕ್ಕ ರಂಗೋಲಿ ತೀರಿತೇನ್ರಿ? ನಮ್ಮ ಮನ್ಯಾಗ ಡಬ್ಬಿ ತುಂಬಾ ಅದ, ಒಯ್ರಿ," ಎಂದು ಕೆಣಕಿದ್ದರು. ಒಮ್ಮೆ ಮನೆಗೆಲಸದವಳು ಕನಿಕರಪಟ್ಟು ಅದನ್ನು ಪೂರ್ತಿ ಕಮಲ ಮಾಡಿಬಿಟ್ಟಳು. ಟೀಚರ್ ಅಳಿಸಲಿಲ್ಲ. "ಇರ್ಲಿ ಬಿಡ್ರಿ, ಕಮಲದ ಸುತ್ತ ಅಲೆ ಹೆಂಗ ಹೋಗತದ ಅಂತ ಇನ್ನೂ ಯಾರೂ ಬಿಡಿಸಿಲ್ಲ," ಎಂದರು. ಕಾಕೂ ಜೊತೆ ನಾನೂ ಆ ರಂಗೋಲಿ ನೋಡಿ ನಕ್ಕಿದ್ದೆ.

ನಾನು ಮೊದಲ ಸಲ ಅವರ ಮನೆಗೆ ಹೊರಟಾಗ ದಾರಿ ತಪ್ಪಿದ್ದೆ. ನಮ್ಮ ಸೊಸೈಟಿಯಲ್ಲಿ ಎಲ್ಲ ವಿಂಗಿಗೂ ಒಂದೇ ಬಣ್ಣ, ಒಂದೇ ಮೆಟ್ಟಿಲು, ಒಂದೇ ಥರದ ಬಾಗಿಲು. ಪಾರ್ಕಿಂಗ್ ಸುತ್ತಿ ಹತ್ತಿ ಬೆಲ್ ಒತ್ತಿದರೆ ಬಾಯಲ್ಲಿ ಬ್ರಶ್ ಇಟ್ಟುಕೊಂಡ ಬನಿಯನ್ನಿನ ಗಂಡಸು! ಕ್ಷಮೆ ಕೇಳಿ ಇಳಿದು, ಮತ್ತೊಂದು ಸುತ್ತು ಹಾಕಿ, ಬೆವೆತು ತಲುಪಿದೆ. ಕೇಳಿ ಟೀಚರ್ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ನಮ್ಮ ಲೆಕ್ಕದಾಗ ಹಿಂಗ ಆಗೂದ್ರಿ! ಗೋಡಿ ತುದಿ ಸುತ್ತ ಒಂದು ಸುತ್ತು ಹಾಕಿದ್ರ ನಮ್ಮ ಮನಿ ಬರಂಗಿಲ್ಲ, ನಮ್ಮನಿ ಹಂಗ ಕಾಣೂ ಬ್ಯಾರೆ ಮನಿ ಬರತದ. ಎರಡು ಸುತ್ತು ಹಾಕಬೇಕು. ನೂರು ವರ್ಷದ ಹಿಂದ ಒಬ್ಬ ಶಾಣ್ಯಾ ಮನಷ್ಯಾ ಹಂಗ ಅಂದ್ಕೊಂಡಾ, ಯಾರಿಗೂ ಬಗೆಹರೀದ ಲೆಕ್ಕ ಬಗೆಹರೀತು. ನೀವು ಬೆಲ್ ಒತ್ತಿ ಕಂಡ್ಕೊಂಡ್ರಿ."

ಬಕೆಟ್ ಬಡಿಯುವ ಪದ್ಧತಿ ಶುರುವಾದದ್ದು ಗಣಪತಿ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ. ಸಂಜೆಯಾದರೆ ಹುಡುಗರು ದೊಡ್ಡ ಢೋಲು, ಕಡ್ಡಿಯಿಂದ ಬಡಿಯುವ ಸಣ್ಣ ತಾಶಾ ಹಿಡಿದು ಅಭ್ಯಾಸಕ್ಕಿಳಿಯುತ್ತಾರೆ. ಟೀಚರ್ ಮೂಲೆಯಾಚೆಯಿಂದ ಕೂಗಿ, ಕಣ್ಣು ಮುಚ್ಚಿ ನಿಲ್ಲಿ, ಏನು ಕೇಳುತ್ತದೆ ಹೇಳಿ ಎಂದರು. ಬೀದಿಯಲ್ಲಿ ತಂಡ ಇನ್ನೂ ಅವರ ಗೋಡೆಯ ಬದಿಗಿತ್ತು. ನನಗೆ ಢೋಲಿನ ಧಮ್ ಧಮ್ ಮಾತ್ರ ಕೇಳುತ್ತಿತ್ತು, ಎದೆಗೆ ಗುದ್ದಿದಂತೆ.

"ತಾಶಾ?" ಎಂದರು.

"ಇಲ್ಲ ಟೀಚರ್. ಇವತ್ತು ತಾಶಾ ಇಲ್ಲ ಅಂತ ಕಾಣ್ತದೆ."

"ನನ್ನ ಕಿವಿ ಹರಿಯೂ ಹಂಗ ಬಡೀಲಿಕತ್ತಾರ್ರಿ ಇಲ್ಲೆ!"

ತಂಡ ಮೂಲೆ ದಾಟಿ ನನ್ನ ಕಣ್ಣೆದುರು ಬಂದಿತು, ತಾಶಾದ ಚಟಪಟ ಒಮ್ಮೆಲೇ ಕಿವಿಗೆ ಬಿತ್ತು. ಮರುದಿನ ಟೀಚರ್ ಬಿಡಿಸಿ ಹೇಳಿದರು. ದಪ್ಪ ದನಿಯ ಅಲೆ ಉದ್ದ, ಎಂದು ಎರಡೂ ತೋಳು ಅಗಲಿಸಿ ತೋರಿಸಿದರು. ಅದು ಬಾಗಿ ಮೂಲೆ ತಿರುಗುತ್ತದೆ. ತೆಳು ದನಿಯ ಅಲೆ ಗಿಡ್ಡ, ಎಂದು ಹೆಬ್ಬೆರಳು ತೋರುಬೆರಳು ಹತ್ತಿರ ತಂದರು. "ಅದು ಸೊಕ್ಕಿನ ಹುಡುಗಿ ಹಂಗ ನೆಟ್ಟಗ ಹೋಗತದ, ಮೂಲ್ಯಾಗ ಯಾರು ನಿಂತಾರ ಅಂತ ಹೊಳ್ಳಿ ನೋಡಂಗಿಲ್ಲ. ನನ್ನ ದನಿನೂ ಹಂಗ. ನಾ ಕರದ್ರ ಎದುರು ವಿಂಗಿನ ಕಾಕೂಗ ಕೇಳತದ, ನಿಮ್ಮ ಅಡಗಿಮನಿಗೆ ಕೇಳಂಗಿಲ್ಲ. ನಾಳಿಂದ ಬಕೀಟು ಬಡೀತೀನಿ."

ಹಾಗೆ ಪ್ರತಿ ಬೆಳಿಗ್ಗೆ ಅವರು ಬಕೆಟ್ ಬೋರಲು ಹಾಕಿ ಅಂಗೈಯಿಂದ ಬಡಿಯುವರು. ಧೊಂ, ಧೊಂ. ನಾನು ಒಲೆ ಸಣ್ಣ ಮಾಡಿ, ಚಹಾ ಹಿಡಿದು ಕಂಬಿಗೆ ಬರುವೆ. ಮೂಲೆಯ ಆಚೆ ಈಚೆ ನಿಂತು ಮಾತು. ಅದಕ್ಕೊಂದು ನಿಯಮವನ್ನೂ ಅವರೇ ಮಾಡಿದ್ದರು. "ನಾ ಬಡೀತೀನಿ. ಬಂದ್ರ ಬರ್ರಿ. ಬರದಿದ್ರ ಕೈತುಂಬಾ ಕೆಲಸ ಅದ ಅಂತ ತಿಳೀತೀನಿ. ಯಾಕ ಬರ್ಲಿಲ್ಲ ಅಂತ ನಾ ಕೇಳಂಗಿಲ್ಲ, ನೀವು ಸಾರೀ ಪಾರೀ ಅನಬಾರದು." ಫೋನ್ ಇತ್ತು, ಆದರೆ ಅದನ್ನವರು ಕಪಾಟಿನಲ್ಲಿಟ್ಟು ಮರೆಯುವರು. ಫೋನ್ ಮಾಡಿದರೆ ಏನಾದರೂ ಕೆಲಸವಿರಬೇಕು, ಬಕೆಟ್ಟಿಗೆ ಕೆಲಸ ಬೇಕಾಗಿಲ್ಲ ಎನ್ನುವರು.

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಯಾರೂ ನನ್ನನ್ನು ಕೆಲಸವಿಲ್ಲದೆ ಕರೆದದ್ದಿಲ್ಲ. ಆ ಧೊಂ ಕೇಳಿದರೆ ನನ್ನ ಮುಖ ಅರಳುತ್ತದೆಂದು ಗಂಡ ಹೇಳುತ್ತಿದ್ದರು. "ಬಂತು ನೋಡು ನಿನ್ನ ಬ್ಯಾಂಡ್," ಎನ್ನುವರು.

ಕಳೆದ ದಸರೆಗೆ ನನ್ನ ನಾದಿನಿ ಮುಂಬಯಿಯಿಂದ ಬಂದಿದ್ದರು. ಒಳ್ಳೆಯವರೇ. ಊಟದ ಮೇಜಿನ ಮೇಲೆ ಬಟ್ಟೆ ನೆಟ್ಟಗಿರಬೇಕು ಅವರಿಗೆ. ಬೆಳಿಗ್ಗೆ ಬಕೆಟ್ ಸದ್ದಿಗೆ ಬೆಚ್ಚಿ, "ಎಂತ ಅದು? ಬಕೆಟ್ ಬಡಿದು ಕರೆಯುವುದಾ? ಇದೆಂಥ ಸಂಪ್ರದಾಯ ಮಾರಾಯ್ತಿ? ನೀನು ಕಾನ್ವೆಂಟಿನಲ್ಲಿ ಕಲಿತವಳಲ್ವ?" ಎಂದರು. ನನ್ನ ಕಿವಿ ಬಿಸಿಯಾಯಿತು. ಆ ದಿನ ನಾನು ಕಂಬಿಗೆ ಹೋಗಲಿಲ್ಲ. ಅವರಿದ್ದಷ್ಟು ದಿನವೂ ಹೋಗಲಿಲ್ಲ. ಟೀಚರ್ ನಿಯಮದಂತೆ ಯಾಕೆಂದು ಕೇಳಲಿಲ್ಲ.

ದೀಪಾವಳಿಗೆ ತುಳಶೀಬಾಗ್ ಪೇಟೆಗೆ ಹೋದಾಗ ಹಿತ್ತಾಳೆಯ ಕೈಗಂಟೆಯೊಂದು ಕಂಡಿತು. ನಮ್ಮ ಕಾನ್ವೆಂಟಿನಲ್ಲಿ ಇಂಥದೇ ಇತ್ತು. ಅಲ್ಲಿ ಕೂಗುವುದು ಅಸಭ್ಯ, ಬಾಗಿಲು ಬಡಿಯುವುದೂ ಅಸಭ್ಯ. ಸಿಸ್ಟರ್ ಗಂಟೆ ಅಲುಗಿಸಿದರೆ ಇಡೀ ಶಾಲೆ ಸುಮ್ಮನಾಗುತ್ತಿತ್ತು. ಇದಾದರೆ ಯಾರೂ ಏನೂ ಅನ್ನರು, ಟೀಚರರ ಅಂಗೈಗೂ ನೋವಿಲ್ಲ, ಎಂದುಕೊಂಡೆ. ನನ್ನ ನಾಚಿಕೆಗೆ ಕಾಳಜಿಯ ಬಟ್ಟೆ ತೊಡಿಸಿ, ಬಣ್ಣದ ಕಾಗದದಲ್ಲಿ ಸುತ್ತಿ, ಚಕ್ಕುಲಿ ಡಬ್ಬಿಯ ಜೊತೆ ತೆಗೆದುಕೊಂಡು ಹೋದೆ.

ಟೀಚರ್ ಕಾಗದವನ್ನು ಹರಿಯದೆ ಬಿಡಿಸಿದರು. ಗಂಟೆಯನ್ನು ಒಮ್ಮೆ ಅಲುಗಿಸಿ, ತಲೆ ವಾಲಿಸಿ, ನಾದ ಪೂರ್ತಿ ಆರುವವರೆಗೆ ಕೇಳಿದರು.

"ಬಕೆಟ್ ಬಡಿದು ನಿಮ್ಮ ಕೈ ಕೆಂಪಾಗುತ್ತದಲ್ಲ ಟೀಚರ್. ಇನ್ನು ಇದನ್ನು ಬಾರಿಸಿ, ಆಯ್ತಾ?"

ಅವರು ನನ್ನನ್ನು ನೋಡಿದರು. ಬಾಲ್ಕನಿಯಾಚೆ ಮೂಲೆಯನ್ನೂ ನೋಡಿದರು. ಹೆಬ್ಬೆರಳು ತೋರುಬೆರಳು ಹತ್ತಿರ ತಂದರು. ನಮ್ಮ ಹೋಟೆಲಿನ ಭಟ್ಟರು ಸಾಂಬಾರಿನ ರುಚಿ ನೋಡಿ ಫಸ್ಟ್ ಕ್ಲಾಸ್ ಎನ್ನುವಾಗ ಹೀಗೇ ಮಾಡುತ್ತಾರೆ. ಮೆಚ್ಚಿದರು ಎಂದುಕೊಂಡೆ.

"ಭಾಳ ಚಂದ ಅದ್ರಿ," ಎಂದರು. ಮತ್ತೆ ತಮಗೆ ತಾವೇ ಎಂಬಂತೆ, "ಇರ್ಲಿ. ಸೊನ್ನೆ ಅಲ್ಲಲ್ಲ," ಎಂದರು.

ಅದರ ಮರುದಿನದಿಂದ ಬಕೆಟ್ ಸದ್ದು ನಿಂತಿತು.

ಗಂಟೆಯ ಸದ್ದೂ ಬರಲಿಲ್ಲ. ಒಂದು ದಿನ ಕಾದೆ, ಎರಡು ದಿನ ಕಾದೆ, ಹಬ್ಬದ ಪಟಾಕಿ ಗದ್ದಲವೆಂದುಕೊಂಡೆ. ಹಬ್ಬ ಮುಗಿದು ಚಳಿ ಶುರುವಾದರೂ ಮೂಲೆಯಾಚೆ ಮೌನ. ಆಗ ಅರ್ಥವಾಯಿತು, ಅಥವಾ ಆಯಿತೆಂದುಕೊಂಡೆ. ಅವರಿಗೆ ನೋವಾಗಿದೆ. ನಾನು ಅವರ ಬಕೆಟ್ಟಿಗೆ ನಾಚಿದ್ದು ತಿಳಿದುಹೋಗಿದೆ. ಎರಡು ಸಲ ಕಂಬಿಯವರೆಗೆ ಹೋಗಿ, "ಟೀಚರ್" ಎನ್ನಲು ಬಾಯಿ ತೆರೆದು, ತಂತಿಯ ಮೇಲಿನ ಬಟ್ಟೆ ಸರಿಪಡಿಸಿ ಒಳಗೆ ಬಂದೆ. ಕೇಳಬಾರದೆಂಬ ನಿಯಮದ ಮರೆಯಲ್ಲಿ ನಿಲ್ಲುವುದು ನನಗೆ ಸುಲಭವಾಯಿತು. ಎರಡನೆಯ ಸುತ್ತು ಹಾಕಬೇಕಿತ್ತು, ಹಾಕಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಮಾತ್ರ ಹೋದೆ. ಟೀಚರ್ ಸೊರಗಿಹೋಗಿದ್ದರು. ಮಾತಿನ ನಡುವೆ ಉಸಿರು ಹುಡುಕುತ್ತಿದ್ದರು. ಆದರೆ ನನ್ನನ್ನು ಕಂಡು ಅವರ ಮುಖ ಅರಳಿದ ರೀತಿ! ಕೋಪಗೊಂಡವರ ಮುಖವಲ್ಲ ಅದು. ಅದನ್ನು ನೋಡಿಯೂ ನಾನು ನನ್ನ ಊಹೆಯನ್ನು ಬಿಡಲಿಲ್ಲ, ದೊಡ್ಡವರು, ತೋರಿಸಿಕೊಳ್ಳುವುದಿಲ್ಲ ಎಂದುಕೊಂಡೆ. ಗಂಟೆ ಬಾಲ್ಕನಿಯ ಬಾಗಿಲ ಬಳಿ ಸ್ಟೂಲಿನ ಮೇಲಿತ್ತು. ಮೈಯೆಲ್ಲ ಕಪ್ಪಿಟ್ಟಿತ್ತು, ಹಿಡಿ ಮಾತ್ರ ಫಳಫಳ. ಕೆಲಸದವಳು ಹಿಡಿ ತಿಕ್ಕಿ ಉಳಿದದ್ದು ಬಿಟ್ಟಿದ್ದಾಳೆ, ಎಂಥ ಸೋಮಾರಿ ಎಂದು ಮನಸ್ಸಿನಲ್ಲೇ ಬೈದೆ. ಇಂಥದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ. ಬಿದ್ದದ್ದು ತಲೆಗೆ ಹೋಗುವುದಿಲ್ಲ.

ಹೊರಡುವಾಗ ಕೇಳಿದರು, "ನೀವು ಮುಂಜಾನೆ ಮಿಕ್ಸರ್ ಎಷ್ಟೊತ್ತಿಗೆ ಹಚ್ತೀರ್ರಿ?"

"ಯಾಕೆ ಟೀಚರ್? ನಿಮಗೆ ಕೇಳ್ತದಾ?"

"ಕೇಳತದಲ್ಲ, ಗುರ್ ಅಂತ. ಅದು ಮೂಲಿ ತಿರುಗತದ." ನಕ್ಕರು. "ಅದು ಬಂದಾದ ಮ್ಯಾಲೆ ಸ್ವಲ್ಪ ಹೊತ್ತು ಕೆಲಸ ಇರತದೇನು ನಿಮಗ?"

ನಾನು ಸಂಕೋಚದಿಂದ ಕುಗ್ಗಿಹೋದೆ. ಕಾಯಿಲೆಯವರು, ನನ್ನ ಮಿಕ್ಸರ್ ಸದ್ದಿಗೆ ನಿದ್ದೆ ಕೆಡುತ್ತಿರಬೇಕು, ನಯವಾಗಿ ಹೇಳುತ್ತಿದ್ದಾರೆ. "ಸಾರಿ ಟೀಚರ್, ಇನ್ನು ನಿಮಗೆ ಆ ಸದ್ದು ಕೇಳುವುದಿಲ್ಲ," ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಬಂತು. ನಾನು ನೀರು ಕೊಟ್ಟು, ಮಲಗಿ ಎಂದು ಹೇಳಿ ಬಂದುಬಿಟ್ಟೆ. ಮರುದಿನದಿಂದ ಡ್ರೈ ಬಾಲ್ಕನಿಯ ಬಾಗಿಲು ಮುಚ್ಚಿ ಚಿಲಕ ಹಾಕತೊಡಗಿದೆ. ಬೆಳಗಿನ ಕೆಲಸವೆಲ್ಲ ಮುಗಿಯುವವರೆಗೆ ಅದನ್ನು ತೆರೆಯುತ್ತಿರಲಿಲ್ಲ.

ಚಳಿಗಾಲದ ಕೊನೆಗೆ ನಾವು ಊರಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಅಣ್ಣನ ಮಗಳು ಅವರನ್ನು ನಿಗಡಿಗೆ ಕರೆದುಕೊಂಡು ಹೋಗಿದ್ದಳು. ನಿಗಡಿ ಎಂದರೆ ನಮಗೆ ಊರಿನ ಆ ತುದಿ. ಈ ವಾರ ಬೇಡ, ನೆಂಟರು. ಮುಂದಿನ ವಾರ ಬೇಡ, ಬಿಸಿಲು. ಹೋದರೆ ಏನು ಮಾತಾಡುವುದೆಂಬ ಅಳುಕು ಒಳಗಿತ್ತು, ಹೊರಗೆ ಟ್ರಾಫಿಕ್ಕಿನ ಕಾರಣ ಹೇಳುತ್ತಿದ್ದೆ. ಕಲಿತ ಸಭ್ಯತೆಯೆಲ್ಲ ಒಟ್ಟಾಗಿ ನನ್ನನ್ನು ಒಂದು ಬಸ್ಸು ಹತ್ತದಂತೆ ತಡೆಯಿತು.

ಫೋನ್ ಬಂದ ಆ ದಿನ ಮಧ್ಯಾಹ್ನವೆಲ್ಲ ನಾನು ಮಾಡಿದ್ದು ಒಂದೇ ಕೆಲಸ. ಡ್ರೈ ಬಾಲ್ಕನಿಯ ಚಿಲಕ ತೆಗೆದು, ಕಂಬಿಯ ತುದಿಗೆ ಹೋಗಿ, ಮೂಲೆಯಾಚೆ ಕೈ ಚಾಚಿ ನಿಂತೆ. ಕೆಳಗಿನಿಂದ ಯಾರಾದರೂ ನೋಡಿದ್ದರೆ ಹುಚ್ಚಿ ಎನ್ನುತ್ತಿದ್ದರು. ಗೋಡೆಯ ಅಂಚು ಬಿಸಿಲಿಗೆ ಸುಡುತ್ತಿತ್ತು.

ಸಂಜೆ ಮನೆಯೊಳಗೆ ಇರಲಾಗದೆ ಕೆಳಗಿಳಿದೆ. ಬೆಂಚಿನ ಮೇಲೆ ಸೋಲಾಪುರದ ಕಾಕೂ ತೊಡೆಯ ಮೇಲೆ ಪೇಪರು ಹರಡಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಕಟ್ಟು ಎತ್ತಿಕೊಂಡೆ.

"ಕಾಕೂ, ಟೀಚರ್ ಹೋದರಂತೆ. ಮೊನ್ನೆ, ನಿಗಡಿಯಲ್ಲಿ."

"ಅಗ ಬಾಯಿ!" ಎಂದು ಅವರು ಸೊಪ್ಪು ಹಿಡಿದ ಕೈಯನ್ನೇ ಎದೆಗಿಟ್ಟುಕೊಂಡರು. "ಪಾಪ, ಛಲೋ ಹೆಣ್ಮಗಳು. ಹೋಗ್ಲಿ, ಭಾಳ ಒದ್ದಾಡಲಿಲ್ಲಲ್ಲ? ಪುಣ್ಯೇದಾಕಿ. ದೇವರ ಮ್ಯಾಲೆ ಎಷ್ಟು ಭಕ್ತಿ ಇತ್ತರಿ ಆಕಿಗೆ!"

"ಯಾರಿಗೆ? ಟೀಚರಿಗಾ?"

"ಮತ್ತ? ದಿನಾ ಮುಂಜಾನೆ ಬಾಲ್ಕನಿ ತುದಿಗೆ ನಿಂತು ಗಂಟಿ ಬಾರಿಸ್ತಿದ್ರಲ್ಲ. ದೀವಳಿಗಿಂದ ಶುರು ಮಾಡಿದ್ರು ನೋಡ್ರಿ. ಅಂಥಾ ಥಂಡ್ಯಾಗೂ ಶಾಲು ಹೊದ್ದು ಬಂದು ನಿಂದರ್ತಿದ್ರು, ಕೆಮ್ಮಕೋತ. ನಮ್ಮ ಅಡಗಿಮನಿಗೆ ನೆಟ್ಟಗ ಕೇಳ್ತಿತ್ತು ಕಿಣಿ ಕಿಣಿ ಅಂತ, ನಮ್ಮ ಯಜಮಾನರು ಅದನ್ನ ಕೇಳೇ ಏಳ್ತಿದ್ರು. ನಿಗಡಿಗೆ ಹೋದ ದಿನಾನೂ ಬಾರಿಸಿನ ಹೋದ್ರು."

ನನ್ನ ಕೈಯ ಕಡ್ಡಿಯಿಂದ ಎಲೆ ಬಿಡಲಿಲ್ಲ. ಕಾಕೂ ಪೇಪರ್ ಮಡಿಸಿ, ಕಸ ಒಂದು ಕಡೆ ಕೊಡವಿ, ಏಳಲು ಮೊಣಕಾಲ ಮೇಲೆ ಕೈಯಿಟ್ಟರು.

"ಬಾರಿಸೂದು, ಬಾಗಿ ನಿಮ್ಮ ಮೂಲಿ ಕಡೆ ನೋಡೂದು, ಮತ್ತ ಬಾರಿಸೂದು. ಅಲ್ರಿ, ಆ ಕಡೆ ಏನರೆ ಗುಡಿ ಅದ ಏನು?"